ಕೈಯಲ್ಲಿ ಹಿಡಿದ ಬೋರ್ಡನ್ನು ನಾನೇ ಓದಿರಲಿಲ್ಲ

ಗಿರ್ಮಿಟ್_ಸಂಜೆ

ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ಮತ್ತೆ ಬರಬೇಕಾ ಬೇಡ್ವಾ ಅಂತ ನಮ್ಮ ಕ್ಲಾಸ್ ಗ್ರೂಪಿನಲ್ಲಿ ಮೊನ್ನೆಯಿಂದ ಜಗಳ ನಡೆದಿದೆ. ಸರ್ಕಾರದ ಕಡೆಯಿಂದ ಮಾತು ಬಂದಿದ್ದೇ ತಡ, ಎಲ್ಲರೂ ಒಂದೊಂದು ಕಡೆ ಹಿಡಿದು ಕೂತಿದ್ದಾರೆ. ನನ್ನನ್ನೂ ಕೇಳಿದರು. ನನಗೆ ಥಟ್ ಅಂತ ಹೇಳೋಕೆ ಬರಲಿಲ್ಲ. ಆ ಪ್ರಶ್ನೆ ಬಂದಾಗೆಲ್ಲ ನನಗೆ 2024ರ ಏಪ್ರಿಲ್ ನೆನಪಾಗುತ್ತದೆ. ಅದನ್ನೇ ಬರೆಯುತ್ತೇನೆ. ಉದ್ದ ಆಗುತ್ತೆ, ಬೈಬೇಡಿ.

ಆಗ ನಾನು ಹುಬ್ಬಳ್ಳಿಯಲ್ಲಿ ಬಿಎಸ್ಸಿ ಎರಡನೇ ವರ್ಷ. ಏಪ್ರಿಲ್ 18, ಗುರುವಾರ. ಲ್ಯಾಬ್ ಮುಗಿಸಿ ಚಿಗರಿ ಬಸ್ಸಿಗೆ ಕಾಯುತ್ತಿದ್ದೆವು. ವಿದ್ಯಾನಗರದ ಒಂದು ಕಾಲೇಜಿನ ಆವರಣದಲ್ಲೇ ಎಂಸಿಎ ಓದುತ್ತಿದ್ದ ಹುಡುಗಿಯನ್ನು ಇರಿದು ಕೊಂದಿದ್ದಾರೆ ಅಂತ ಗೊತ್ತಾಯಿತು. ಸುದ್ದಿಗಿಂತ ಮೊದಲು ವಿಡಿಯೋ ಬಂದಿತ್ತು, ಸಿಸಿಟಿವಿದು. ನೋಡಬಾರದಿತ್ತು, ನೋಡಿದೆ. ಬಸ್ ಬಂತು, ಹತ್ತಿದೆವು, ಒಬ್ಬರೂ ಮಾತಾಡಲಿಲ್ಲ. ಅವಳು ನಮ್ಮ ಕಾಲೇಜಿನವಳಲ್ಲ, ನನಗೆ ಪರಿಚಯವೂ ಇಲ್ಲ. ಆದರೆ ಅಂಥದ್ದೇ ಬ್ಯಾಗು, ಅಂಥದ್ದೇ ಗೇಟು, ಅದೇ ಹೊತ್ತು. ಆ ರಾತ್ರಿ ಹಾಸ್ಟೆಲ್ಲಿನಲ್ಲಿ ನಾವು ಮೂವರೂ ಲೈಟ್ ಆರಿಸಲಿಲ್ಲ.

ಬೆಳಗ್ಗೆ ಎದ್ದರೆ ಎಲ್ಲರ ಸ್ಟೇಟಸ್ ಒಂದೇ ಥರ. ಫೋಟೋ ಒಂದೇ, ಅಕ್ಷರ ಒಂದೇ, ಕೆಳಗೆ ಒಂದು ಚಿಹ್ನೆ. ಲೋಕಸಭೆ ಮತದಾನಕ್ಕೆ ಮೂರು ವಾರವೂ ಇರಲಿಲ್ಲ ನೋಡಿ, ನಮ್ಮಲ್ಲಿ ಮೇ 7ಕ್ಕೆ ಇತ್ತು. ಕೊಂದವನ ಧರ್ಮ ಬೇರೆ, ಸತ್ತವಳ ಧರ್ಮ ಬೇರೆ. ಅಷ್ಟು ಸಾಕಾಯಿತು. ಒಬ್ಬರು ಇದು ಲವ್ ಜಿಹಾದ್ ಅಂದರು, ಇನ್ನೊಬ್ಬರು ಇದು ವೈಯಕ್ತಿಕ ಕಾರಣಕ್ಕೆ ಆದದ್ದು ಅಂತ ಕೈ ತೊಳೆದುಕೊಂಡರು. ಎರಡು ಮಾತಿನಲ್ಲೂ ಆ ಹುಡುಗಿ ಇರಲಿಲ್ಲ. ದೆಹಲಿಯಿಂದ ಬೆಂಗಳೂರಿನಿಂದ ದೊಡ್ಡ ದೊಡ್ಡವರು ಅವರ ಮನೆಗೆ ಬಂದು ಹೋದರು. ಕೇಸು ಸಿಐಡಿಗೆ ಹೋಯಿತು.

ಕಾಲೇಜಿಗೆ ಹೊರಗಿನಿಂದ ಒಂದಿಷ್ಟು ಜನ ಬಂದು ಕ್ಲಾಸ್ ಬಿಡಿಸಿದರು. ನಾನೂ ಹೊರಗೆ ಬಂದೆ. ಯಾರೂ ಎಳೆದು ತಂದಿಲ್ಲ, ನಾನೇ ಬಂದೆ, ಯಾಕಂದ್ರೆ ಏನಾದರೂ ಮಾಡಬೇಕು ಅನ್ನಿಸಿತ್ತು, ಸುಮ್ನೆ ಕೂತು ಕೆಮಿಸ್ಟ್ರಿ ನೋಟ್ಸ್ ಬರೆಯೋಕೆ ಆಗುತ್ತಿರಲಿಲ್ಲ. ಗೇಟಿನ ಹತ್ತಿರ ಒಬ್ಬರು ಬೋರ್ಡು ಹಂಚುತ್ತಿದ್ದರು. ಥರ್ಮಾಕೋಲಿಗೆ ಕಾಗದ ಅಂಟಿಸಿದ್ದು, ಹಿಂದೆ ಬಿದಿರಿನ ಕಡ್ಡಿ. ನನ್ನ ಕೈಗೆ ಒಂದು ಬಂತು. ಅಕ್ಷರ ಆ ಕಡೆ ಇತ್ತು, ನನ್ನ ಕಡೆ ಬರೀ ಬಿಳಿ. ಬಿಸಿಲಿಗೆ ಅದನ್ನೇ ತಲೆ ಮೇಲೆ ಹಿಡಿದುಕೊಂಡೆ. ಮುಂದೆ ಫ್ಲೆಕ್ಸ್ ಹಿಡಿದವರಿದ್ದರು, ಅದರಲ್ಲಿ ಹುಡುಗಿಯ ಫೋಟೋ ಅಂಗೈಯಷ್ಟು, ಮುಖಂಡರದ್ದು ಬಾಗಿಲಷ್ಟು.

ಮರುದಿನ ಫೋಟೋ ಹರಿದಾಡಿತು. ಮೊದಲ ಸಾಲಿನಲ್ಲಿ ನಾನೇ. ಬೋರ್ಡಿನಲ್ಲಿ ಒಂದು ಇಡೀ ಸಮುದಾಯದ ಬಗ್ಗೆ ಒಂದು ಸಾಲು. ಅದನ್ನು ಇಲ್ಲಿ ಬರೆಯೋದಿಲ್ಲ.

ನನ್ನ ಲ್ಯಾಬ್ ಪಾರ್ಟ್‌ನರ್ ಆ ಸಮುದಾಯದವಳು. ಒಂದೂವರೆ ವರ್ಷ ಒಂದೇ ಬ್ಯೂರೆಟ್ (ಹನಿ ಹನಿಯಾಗಿ ದ್ರಾವಣ ಬಿಡೋ ಗಾಜಿನ ಕೊಳವೆ) ಹಂಚಿಕೊಂಡವರು ನಾವು. ಅವಳಿಗೆ ಕಣ್ಣು ಚುರುಕು, ಬಣ್ಣ ತಿರುಗಿದ ತಕ್ಷಣ "ಸಾಕ್ ಸಾಕ್" ಅಂತ ನನ್ನ ಕೈ ಹಿಡಿಯೋಳು. ನಾನು ಹನಿ ಜಾಸ್ತಿ ಬಿಟ್ಟು ರೀಡಿಂಗ್ ಕೆಡಿಸೋಳು. ಅವಳು ನಾಲ್ಕು ದಿನ ಬರಲಿಲ್ಲ. ಆ ಸೋಮವಾರ ಹುಬ್ಬಳ್ಳಿ ಧಾರವಾಡ ಎರಡೂ ಕಡೆ ಮುಸ್ಲಿಂ ಅಂಗಡಿಯವರು ಅರ್ಧ ದಿನ ಬಾಗಿಲು ಹಾಕಿ ಕೊಲೆಯನ್ನು ಖಂಡಿಸಿದರು, ಅವಳ ಅಪ್ಪನದೂ ಅದರಲ್ಲಿ ಒಂದು. ಐದನೇ ದಿನ ಬಂದಳು. ಪಕ್ಕದಲ್ಲೇ ನಿಂತಳು. ಪಿಪೆಟ್ ತೊಳೆಯುತ್ತಾ "ನಿನ್ನ ಫೋಟೋ ನೋಡಿದ್ನಿ" ಅಂದಳು. ಅಷ್ಟೇ. ನಾನು "ಓದಿರ್ಲಿಲ್ಲ ನಾ ಅದನ್ನ" ಅಂದೆ. ಅವಳು ಹೂಂ ಅಂದಳು. ಆಮೇಲೆ ಅವಳು ನನ್ನ ಕೈ ಹಿಡಿದು ಸಾಕ್ ಅಂದಿದ್ದಿಲ್ಲ.

ಅದಾದ ಮೇಲೆ ಅಪ್ಪ ಬಂದರು. ನಮ್ಮದು ನವಲಗುಂದದ ಕಡೆ ಹಳ್ಳಿ. "ಬಸ್ ಫ್ರೀ ಆದ್ರ ಏನ್ ಬಂತವ್ವಾ, ಜೀವ ಫ್ರೀ ಏನು?" ಅಂದವರೇ ಟ್ರಂಕ್ ಎತ್ತಿಕೊಂಡರು. ಎರಡು ವಾರ ಮನೆಯಲ್ಲಿದ್ದೆ. ನನ್ನ ಮೊದಲ ವೋಟು ಅಲ್ಲೇ ಹಾಕಿದೆ. ಅಷ್ಟರಲ್ಲಿ ಒಂದು ಗಂಡಿನ ಕಡೆಯವರು ಬಂದು ಅವಲಕ್ಕಿ ತಿಂದು ಹೋದರು. ಅದು ಹೇಗೋ ತಪ್ಪಿತು, ಆ ಕಥೆ ಬೇರೆ.

ಮೇ 15ರ ನಸುಕಿಗೆ ವೀರಾಪುರ ಓಣಿಯಲ್ಲಿ ಇನ್ನೊಂದು ಕೊಲೆ. 20 ವರ್ಷದ ಹುಡುಗಿ, ಮನೆಯೊಳಗೇ. ಅವನು ಬೆದರಿಸುತ್ತಿದ್ದಾನೆ ಅಂತ ಪೊಲೀಸರಿಗೆ ಮೊದಲೇ ಹೇಳಿದ್ದೆವು ಅಂತ ಮನೆಯವರು ಹೇಳಿದರು, ಆಮೇಲೆ ಪೊಲೀಸರ ಅಮಾನತೂ ಆಯಿತು. ಈ ಸಲ ಕೊಂದವನು ಬೇರೆ ಧರ್ಮದವನಲ್ಲ. ಪ್ರತಿಭಟನೆ ಆಗಲಿಲ್ಲ ಅಂತಲ್ಲ, ಆಯಿತು. ಆದರೆ ನಮ್ಮ ಕಾಲೇಜಿನ ಗೇಟಿಗೆ ಬೋರ್ಡು ಹಂಚೋರು ಬರಲಿಲ್ಲ. ಸ್ಟೇಟಸ್‌ಗಳಲ್ಲಿ ರಜೆಯ ಫೋಟೋ, ಮಾವಿನಹಣ್ಣಿನ ಫೋಟೋ. ನಾನೂ ಏನೂ ಹಾಕಲಿಲ್ಲ. ನಮ್ಮ ಕಾಲೇಜಿನಲ್ಲಿ ಸಾವಿರಾರು ಹುಡುಗಿಯರಿದ್ದೆವು. ನಾವೇ ಸೇರಿ ನಮ್ಮ ಮಾತು ನಾವೇ ಬರೆದುಕೊಂಡು ನಿಲ್ಲೋಣ ಅಂದರೆ ಯಾರನ್ನು ಕೇಳಬೇಕು, ಎಲ್ಲಿ ಸೇರಬೇಕು, ಒಂದೂ ಗೊತ್ತಿರಲಿಲ್ಲ. ಹಾಗಾಗಿ ಚುನಾವಣೆ ಬೇಕಾ ಅಂದರೆ ನನ್ನ ತಲೆಗೆ ಮೊದಲು ಬರೋದು ಆ ಬೋರ್ಡು. ಬೇಕು ಅನ್ನಿಸುತ್ತೆ. ಭಯವೂ ಆಗುತ್ತೆ.

ಹಳೇ_ಅಟ್ಲಾಸ್_ಸೈಕಲ್

ತಂಗೀ, ಪೂರ್ತಿ ಓದಿದೆ. ಬೋರ್ಡಿನ ವಿಷಯ ಓದಿ ಹೊಟ್ಟೆ ಕಿವುಚಿದಂತಾಯಿತು.

ನಮ್ಮ ಕಾಲದ ಕಥೆ ಹೇಳುತ್ತೇನೆ. 1982ರಲ್ಲಿ ಗೋಕಾಕ್ ಚಳವಳಿ ಆದಾಗ ನಾನು ಪಿಯುಸಿ. ರಾಜ್‌ಕುಮಾರ್ ಬಂದರೆಂದು ಲಾರಿ ಹತ್ತಿ ಹೋದವರು ನಾವು. ವಿ.ಕೃ. ಗೋಕಾಕ್ ಯಾರು, ಅವರ ವರದಿಯಲ್ಲಿ ಏನಿದೆ, ಒಂದಕ್ಷರ ಗೊತ್ತಿರಲಿಲ್ಲ. ಓದದ ಬೋರ್ಡು ಹಿಡಿಯೋದು ನಿಮ್ಮ ಕಾಲದಲ್ಲೇ ಶುರುವಾದದ್ದಲ್ಲ, ಸಮಾಧಾನ ಮಾಡ್ಕೋ.

ಆಮೇಲೆ ಡಿಗ್ರಿಯಲ್ಲಿ ಚುನಾವಣೆ ನೋಡಿದೆ. ದಾವಣಗೆರೆ. ಚುನಾವಣೆ ಅಂದರೆ ಮೊದಲು ಜಾತಿ ಲೆಕ್ಕ. ಯಾವ ಹಾಸ್ಟೆಲ್ಲಿನಲ್ಲಿ ಯಾವ ಜಾತಿಯ ಎಷ್ಟು ವೋಟು ಅಂತ ಪಟ್ಟಿ ಮಾಡೋಕೆ ಸ್ಟ್ಯಾಟಿಸ್ಟಿಕ್ಸ್ ಹುಡುಗರು ಬೇಕು. ಬೆಣ್ಣೆ ದೋಸೆ, ಸಿನಿಮಾ ಟಿಕೆಟ್ಟು, ಕೊನೆ ದಿನ ಇನ್ನೂ ಏನೇನೋ. ನಮ್ಮ ಕಾರ್ಯದರ್ಶಿ ಅಭ್ಯರ್ಥಿಯನ್ನು ಎದುರಾಳಿಗಳು ನಾಮಪತ್ರದ ದಿನ ಒಂದು ತೋಟದ ಮನೆಯಲ್ಲಿ ಕೂಡಿ ಹಾಕಿದ್ದರು. ಸಂಜೆ ಬಿಟ್ಟರು, ಊಟ ಚೆನ್ನಾಗಿ ಹಾಕಿದ್ದರಂತೆ. ಸೈಕಲ್ ಚೈನ್ ಏಟಿಗೆ ನನ್ನ ರೂಮ್‌ಮೇಟ್ ಕಿವಿ ಅರ್ಧ ಹೋಯಿತು, ಅದು ತಮಾಷೆಯಲ್ಲ. 1989ರ ಹೊತ್ತಿಗೆ ಇದನ್ನೆಲ್ಲ ನಿಲ್ಲಿಸಿದಾಗ ನಮ್ಮ ಅಪ್ಪಅಮ್ಮಂದಿರು ದೇವರಿಗೆ ಕಾಯಿ ಒಡೆದರು.

ಆದರೂ ಒಂದು ಹೇಳಬೇಕು. ಹಾಸ್ಟೆಲ್ ಸಾಂಬಾರಿನಲ್ಲಿ ಹುಳ ಬಂದ ದಿನ ಅದೇ ಕಾರ್ಯದರ್ಶಿ ಬಟ್ಟಲು ಎತ್ತಿಕೊಂಡು ನೇರ ಪ್ರಿನ್ಸಿಪಾಲರ ಮೇಜಿನ ಮೇಲೆ ಇಟ್ಟ. ಅವನಿಗೆ ಆ ಧೈರ್ಯ ಎಲ್ಲಿಂದ ಬಂತು? ಆರುನೂರು ವೋಟಿನಿಂದ. ಇವತ್ತು ಯಾರು ಇಡುತ್ತಾರೆ?

ನೇರ_ಮಾತು_ಹುಬ್ಬಳ್ಳಿ

ಗಿರ್ಮಿಟ್ ಅವರೇ, ಕೋಪ ಮಾಡ್ಕೋಬೇಡಿ. ನಾನು ಒಂದು ವಿದ್ಯಾರ್ಥಿ ಸಂಘಟನೆಯಲ್ಲಿ ಇದ್ದವನು, ಆ ವಾರ ಬೀದಿಯಲ್ಲಿ ಇದ್ದೆ. ಯಾವ ಸಂಘಟನೆ ಅಂತ ಹೇಳಲ್ಲ, ಹೇಳಿದರೆ ಮುಂದೆ ಓದೋದೇ ಬಿಡುತ್ತೀರಿ.

ನಾವು ಬರದಿದ್ದರೆ ನೀವು ಹೊರಗೆ ಬರುತ್ತಿದ್ದಿರಾ? ನೀವೇ ಹೇಳ್ತೀರಿ, ಏನಾದರೂ ಮಾಡಬೇಕು ಅನ್ನಿಸಿತ್ತು ಅಂತ. ಆ ಏನಾದರೂ ಮಾಡೋಕೆ ಬೋರ್ಡು ಬರೆದದ್ದು ನಾವು, ರಾತ್ರಿ ಎರಡರವರೆಗೆ ಕೂತು ಅಂಟು ಹಚ್ಚಿದ್ದು ನಾವು, ಪೊಲೀಸರ ಕೈಲಿ ಬೈಸಿಕೊಂಡದ್ದು ನಾವು. ನೀವು ಬಂದಿರಿ, ಬೋರ್ಡು ತಗೊಂಡಿರಿ, ಫೋಟೋ ಬಂದ ಮೇಲೆ ಬೇಜಾರಾದಿರಿ. ಓದದೆ ಹಿಡಿದದ್ದು ನಿಮ್ಮ ತಪ್ಪಲ್ವಾ? ಗಲಾಟೆ ಆಗದಿದ್ದರೆ ಆ ಕೇಸು ಇಷ್ಟು ಬೇಗ ಮುಂದೆ ಹೋಗುತ್ತಿತ್ತು ಅಂತ ನನಗಂತೂ ನಂಬಿಕೆಯಿಲ್ಲ.

ಎರಡನೇ ಕೊಲೆಗೆ ನಮ್ಮ ಹುಡುಗರೂ ಸ್ಟೇಷನ್ ಮುಂದೆ ಕೂತಿದ್ದರು. ಕಡಿಮೆ ಇದ್ದರು, ಒಪ್ಪುತ್ತೇನೆ. ಪರೀಕ್ಷೆ ಇತ್ತು, ರಜೆ ಇತ್ತು, ಚುನಾವಣೆ ಮುಗಿದಿತ್ತು. ಹೂಂ, ಚುನಾವಣೆ ಮುಗಿದಿತ್ತು. ಬರೆದ ಮೇಲೆ ನನಗೇ ಒಂಥರಾ ಅನ್ನಿಸ್ತು, ಇರಲಿ ಬಿಡಿ.

ಗಿರ್ಮಿಟ್_ಸಂಜೆ

ಓದದೆ ಹಿಡಿದದ್ದು ನನ್ನದೇ ತಪ್ಪು. ಅದಕ್ಕೇ ತಲೆಬರಹ ಹಾಗೆ ಕೊಟ್ಟಿದ್ದು. ನಿಮ್ಮ ಮೇಲೆ ಹಾಕ್ತಾ ಇಲ್ಲ ಅಣ್ಣ. ಅಂಟು ಹಚ್ಚಿದ್ದೂ ನಿಜ ಇರಬಹುದು. ಆದರೆ ಆ ಸಾಲು ಬರೆಯೋವಾಗ ನಮ್ಮ ಕಾಲೇಜಿನ ಒಬ್ಬಳೇ ಒಬ್ಬ ಹುಡುಗಿಯನ್ನು ಕೇಳಿದ್ದರಾ? ಕೇಳಿದ್ದರೆ ನಾವು ಬೇರೆ ಏನೋ ಹೇಳುತ್ತಿದ್ದೆವು. ಹಿಂದೆ ಬೀಳುವವನ ಬಗ್ಗೆ ಯಾರಿಗೆ ಹೇಳಬೇಕು, ಹೇಳಿದರೆ ಮನೆಗೆ ಗೊತ್ತಾಗದ ಹಾಗೆ ಇರುತ್ತಾ, ಗೊತ್ತಾದರೆ ಕಾಲೇಜು ಬಿಡಿಸುತ್ತಾರಾ. ಇಷ್ಟೇ ನಮ್ಮ ರೂಮಿನಲ್ಲಿ ಆ ರಾತ್ರಿ ಮಾತಾಡಿದ್ದು. ಅದರಲ್ಲಿ ಒಂದೂ ಬೋರ್ಡಿಗೆ ಬರಲಿಲ್ಲ.

ಅವ್ವನ_ಫೋನು

ನನ್ನ ಮಗಳು ಪಿಯುಸಿ. ನಿಮ್ಮ ಅಪ್ಪ ಮಾಡಿದ್ದನ್ನೇ ನಾನೂ ಮಾಡಿದೆ, ಒಂದು ತಿಂಗಳು ಕಳಿಸಲಿಲ್ಲ. ತಪ್ಪು ಅಂತ ಅನ್ನಿಸುತ್ತೆ. ಮತ್ತೆ ಅಂಥದ್ದು ಆದರೆ ಮತ್ತೆ ಅದನ್ನೇ ಮಾಡ್ತೀನಿ. ಏನ್ ಮಾಡೋದು ಹೇಳಿ.

ಚಾಕ್_ಪೀಸ್_ದೂಳು

ನಾನು ಅತಿಥಿ ಉಪನ್ಯಾಸಕ. ಊರು, ಕಾಲೇಜು ಬೇಡ. ಸ್ಟಾಫ್ ರೂಮಿನ ಒಳಗಿನಿಂದ ಹೇಳುತ್ತೇನೆ.

ಆ ವಾರ ನಮಗೆ ಬಂದ ಸೂಚನೆ ಬಾಯಿ ಮಾತಿನದು, ಕಾಗದದ ಮೇಲೆ ಏನೂ ಇಲ್ಲ. ಕ್ಲಾಸಿನಲ್ಲಿ ಆ ವಿಷಯ ಎತ್ತಬೇಡಿ. ಐಡಿ ಕಾರ್ಡ್ ನೋಡಿ ಒಳಗೆ ಬಿಡಿ. ಒಂದು ಗೇಟಿಗೆ ಬೀಗ. ಇನ್ನೂ ನಾಲ್ಕು ಕ್ಯಾಮೆರಾ ಬಂತು. (ಕೊಲೆ ಕ್ಯಾಮೆರಾ ಮುಂದೆಯೇ ಆಗಿತ್ತು ಅನ್ನೋದು ಯಾರಿಗೂ ಹೊಳೆಯಲಿಲ್ಲ.) ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗಿ ಎದ್ದು, "ಸರ್ ಇವತ್ತು ಪಾಠ ಬ್ಯಾಡ, ಸ್ವಲ್ಪ ಮಾತಾಡೋಣ್ರಿ" ಅಂದಳು. ನಾನು ಪಾಠ ಮಾಡಿದೆ. ಅರವತ್ತು ಮಕ್ಕಳು ನನ್ನ ಮುಖ ನೋಡುತ್ತಿದ್ದರು, ನಾನು ಬೋರ್ಡ್ ಕಡೆ ತಿರುಗಿ ಬರೆಯುತ್ತಲೇ ಇದ್ದೆ. ನನ್ನ ಕೆಲಸ ಹತ್ತು ತಿಂಗಳದ್ದು, ಪ್ರತಿ ವರ್ಷ ಮತ್ತೆ ಅರ್ಜಿ. 2023ರ ನವೆಂಬರಿನಿಂದ ನಾವೆಲ್ಲ ಕಾಯಮಾತಿಗಾಗಿ ಮುಷ್ಕರ ಕೂತು ಎದ್ದು ಬಂದು ಮೂರ್ನಾಲ್ಕು ತಿಂಗಳಾಗಿತ್ತಷ್ಟೆ. ಆಗ ತಿಂಗಳುಗಟ್ಟಲೆ ಪಾಠ ಇಲ್ಲದೆ ಕೂತ ಮಕ್ಕಳೇ ಇವರು, ಆದರೂ ನಮ್ಮ ಮೇಲೆ ಸಿಟ್ಟಾಗಲಿಲ್ಲ. ಅವಳ ಒಂದು ಗಂಟೆ ನಾನು ಕೊಡಲಿಲ್ಲ.

ವಿದ್ಯಾರ್ಥಿಗಳಿಗೆ ಸಂಘ ಇದ್ದಿದ್ದರೆ ಆ ಹುಡುಗಿ ನನ್ನ ಅನುಮತಿ ಕೇಳಬೇಕಿರಲಿಲ್ಲ, ಅಷ್ಟೇ ನನಗೆ ತೋಚೋದು.

ರಾಯಚೂರು_ಟು_ಹೈದ್ರಾಬಾದ್

ಎಲ್ಲರಿಗೂ ನಮಸ್ಕಾರ. ನಾನು ಹೈದರಾಬಾದ್ ಕೇಂದ್ರೀಯ ವಿವಿಯಲ್ಲಿ ಎಂಎ. ಇಲ್ಲಿ ಚುನಾವಣೆ ಇದೆ, ಸ್ವಲ್ಪ ನೋಡಿದ್ದೇನೆ.

ಚುನಾವಣೆ ಅಂದರೆ ಗೂಂಡಾಗಿರಿ ಅನ್ನೋರು ವಿದ್ಯಾರ್ಥಿ ಚುನಾವಣೆ ಹೇಗೆ ನಡೀಬೇಕು ಅಂತ ಹೇಳಿದ ಲಿಂಗ್ಡೋ ಸಮಿತಿಯ ವರದಿ ಓದಬೇಕು. ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೋ, 2006. ಸುಪ್ರೀಂ ಕೋರ್ಟ್ ಅದನ್ನು ಒಪ್ಪಿ ಜಾರಿಗೆ ತಂದಿದೆ. ಒಬ್ಬ ಅಭ್ಯರ್ಥಿ 5000 ರೂಪಾಯಿಗಿಂತ ಜಾಸ್ತಿ ಖರ್ಚು ಮಾಡುವಂತಿಲ್ಲ. ಹಾಜರಿ ಶೇ 75 ಇರಬೇಕು, ಬ್ಯಾಕ್ ಇರಬಾರದು. ಡಿಗ್ರಿಯವರಿಗೆ 17ರಿಂದ 22 ವಯಸ್ಸು, ಸಂಶೋಧನೆಯವರಿಗೆ 28ರವರೆಗೆ. ಪದಾಧಿಕಾರಿ ಹುದ್ದೆಗೆ ಒಂದೇ ಸಲ ನಿಲ್ಲಬಹುದು. ಅಚ್ಚು ಹಾಕಿಸಿದ ಪೋಸ್ಟರ್ ಇಲ್ಲ, ಕೈಯಲ್ಲಿ ಬರೆದದ್ದೇ ಆಗಬೇಕು. ನಾಮಪತ್ರದಿಂದ ಫಲಿತಾಂಶದವರೆಗೆ ಹತ್ತು ದಿನದಲ್ಲಿ ಮುಗಿಯಬೇಕು. ಅಟ್ಲಾಸ್ ಸೈಕಲ್ ಅಣ್ಣನ ತೋಟದ ಮನೆ ಕಥೆಗೆ ಇದರಲ್ಲಿ ಜಾಗ ಕಡಿಮೆ.

ಹಾಗಂತ ನಿಯಮ ಇದ್ದರೆ ಸಾಕು ಅಂತಲ್ಲ. ದೆಹಲಿ ವಿವಿಯಲ್ಲಿ 2024ರ ಸೆಪ್ಟೆಂಬರ್ 27ಕ್ಕೆ ಮತದಾನ ಆಯಿತು, ಊರೆಲ್ಲ ಪೋಸ್ಟರ್ ಮೆತ್ತಿ ಗೋಡೆ ಹಾಳು ಮಾಡಿದ್ದಾರೆ ಅಂತ ಹೈಕೋರ್ಟ್ ಎಣಿಕೆಯನ್ನೇ ತಡೆಯಿತು, ಗೋಡೆ ತೊಳೆದ ಮೇಲೆ ನವೆಂಬರ್ 25ಕ್ಕೆ ಎಣಿಸಿದರು. 5000 ರೂಪಾಯಿಯಲ್ಲಿ ಅಷ್ಟು ಪೋಸ್ಟರ್ ಯಾವ ಪ್ರೆಸ್ಸಿನಲ್ಲಿ ಬರುತ್ತೆ, ನನಗೂ ವಿಳಾಸ ಕೊಡಿ.

ನಮ್ಮಲ್ಲಿ 2016ರ ಜನವರಿ 17 ಅಂದರೆ ಈಗಲೂ ಎಲ್ಲರೂ ದನಿ ತಗ್ಗಿಸುತ್ತಾರೆ. ಇಲ್ಲಿನ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ಆತ್ಮಹತ್ಯೆ ಮಾಡಿಕೊಂಡ ದಿನ. ನಾನು ಬಂದದ್ದು ಎಷ್ಟೋ ವರ್ಷದ ಮೇಲೆ. ಸಂಘ ಇದ್ದೂ ಅದು ತಪ್ಪಲಿಲ್ಲ. ಈ ಮಾತನ್ನು ನಾನು ಚುನಾವಣೆ ಪರವಾಗಿಯೇ ಇದ್ದುಕೊಂಡು ಹೇಳುತ್ತಿದ್ದೇನೆ.

ನನಗೆ ಇಲ್ಲಿ ಇಷ್ಟವಾದದ್ದು ಒಂದು. ಮತದಾನಕ್ಕೆ ಮುಂಚೆ ಅಧ್ಯಕ್ಷ ಸ್ಥಾನದವರ ಚರ್ಚೆ ನಡೆಯುತ್ತೆ, ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. ಮೊದಲ ವರ್ಷ ನಾನು ಹಿಂದೆ ನಿಂತಿದ್ದೆ. ಒಬ್ಬಳು ಎದ್ದು ರಾತ್ರಿ ಲೈಬ್ರರಿ ದಾರಿಯ ಲೈಟ್ ಬಗ್ಗೆ ಕೇಳಿದಳು, ಸಿದ್ಧಾಂತ ಗಿದ್ಧಾಂತ ಮಾತಾಡುತ್ತಿದ್ದ ನಾಲ್ವರೂ ತಡವರಿಸಿದರು. ನಮ್ಮೂರಿನ ಕಾಲೇಜಿನಲ್ಲಿ ಮೂರು ವರ್ಷ ಇದ್ದೆ, ಯಾರನ್ನೂ ಹಾಗೆ ನಿಲ್ಲಿಸಿ ಕೇಳಿದ್ದು ನೆನಪಿಲ್ಲ.

ಕರಿಕೋಟು_ಇನ್ನೂಹೊಲಿಸಿಲ್ಲ

ಕಾನೂನು ಓದುತ್ತಿದ್ದೇನೆ, ನಾಲ್ಕನೇ ವರ್ಷ. ಎಲ್ಲರೂ ದೊಡ್ಡ ಚುನಾವಣೆ ಬಗ್ಗೆ ಮಾತಾಡುತ್ತಿದ್ದೀರಿ, ಒಂದು ಸಣ್ಣ ಚುನಾವಣೆ ಈಗಲೇ ಇದೆ, ಯಾರೂ ಮಾಡುತ್ತಿಲ್ಲ.

ಲೈಂಗಿಕ ಕಿರುಕುಳ ತಡೆಗೆ 2013ರ ಕಾಯ್ದೆ ಇದೆಯಲ್ಲ, ಅದರ ಮೇಲೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2015ರಲ್ಲಿ ಕಾಲೇಜು, ವಿವಿಗಳಿಗೆ ಅಂತಲೇ ನಿಯಮ ಮಾಡಿದೆ. ಪ್ರತಿ ಕಡೆ ಆಂತರಿಕ ದೂರು ಸಮಿತಿ ಇರಬೇಕು. ದೂರಿನಲ್ಲಿ ವಿದ್ಯಾರ್ಥಿಗಳು ಇದ್ದರೆ ಸಮಿತಿಯಲ್ಲಿ ಮೂವರು ವಿದ್ಯಾರ್ಥಿಗಳೂ ಇರಬೇಕು. ಮುಖ್ಯ ವಿಷಯ ಈಗ ಬರುತ್ತೆ: ಆ ಮೂವರನ್ನು ಪ್ರಿನ್ಸಿಪಾಲರು ಕರೆದು ಕೂರಿಸುವಂತಿಲ್ಲ, ವಿದ್ಯಾರ್ಥಿಗಳೇ ಪಾರದರ್ಶಕವಾಗಿ ಆರಿಸಬೇಕು. ಬರೆದೇ ಇದೆ. ಸಂಘದ ಚುನಾವಣೆ ನಿಂತು ಹೋದ ರಾಜ್ಯಕ್ಕೂ ಇದು ಅನ್ವಯಿಸುತ್ತೆ.

ಹಿಂದೆ ಬೀಳೋದು, ಬೇಡ ಅಂದರೂ ಮೆಸೇಜ್ ಮಾಡೋದು ಕೂಡ ಅಪರಾಧವೇ. ಆಗ ಐಪಿಸಿ 354ಡಿ, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ (ಬಿಎನ್ಎಸ್) 78. ಕೊಲೆ ಆಗೋವರೆಗೆ ಕಾಯಬೇಕಿಲ್ಲ.

ನಿಮ್ಮ ನಿಮ್ಮ ಕಾಲೇಜಿನ ಸಮಿತಿಯಲ್ಲಿ ಆರಿಸಿ ಬಂದ ಮೂವರು ವಿದ್ಯಾರ್ಥಿಗಳು ಯಾರು? ಹೆಸರು ಇಲ್ಲಿ ಹಾಕಬೇಡಿ, ಇದ್ದಾರಾ ಇಲ್ವಾ ಅಷ್ಟು ಹೇಳಿ.

ರಾಯಚೂರು_ಟು_ಹೈದ್ರಾಬಾದ್

ಊರಿನ ಕಾಲೇಜಿನಲ್ಲಿ ಇರಲಿಲ್ಲ. ಇಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ.

ಚಾಕ್_ಪೀಸ್_ದೂಳು

ನಮ್ಮಲ್ಲಿ ಸಮಿತಿ ಇದೆ, ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್ ತಂಡ ಬಂದಾಗ ಫೈಲು ಹೊರಗೆ ಬರುತ್ತೆ. ವಿದ್ಯಾರ್ಥಿಗಳ ಜಾಗದಲ್ಲಿ ಎರಡು ಹೆಸರಿವೆ. ಇಬ್ಬರೂ ಪಾಸಾಗಿ ಹೋಗಿ ಎಷ್ಟೋ ಕಾಲವಾಯಿತು, ಒಬ್ಬಳಿಗೆ ಮಗು ಆಗಿದೆ.

ನೇರ_ಮಾತು_ಹುಬ್ಬಳ್ಳಿ

ಇದು ನನಗೂ ಗೊತ್ತಿರಲಿಲ್ಲ. ನಮ್ಮ ಸಂಘಟನೆಯಲ್ಲಿ ಯಾರಿಗೂ ಗೊತ್ತಿಲ್ಲ ಅನ್ನಿಸುತ್ತೆ, ನಮ್ಮ ಮನವಿ ಪತ್ರಗಳಲ್ಲಿ ಒಂದು ಸಲವೂ ಬಂದಿಲ್ಲ.

ಹಳೇ_ಅಟ್ಲಾಸ್_ಸೈಕಲ್

ಮೂರು ಸೀಟಿನ ಚುನಾವಣೆಗೆ ಯಾರೂ ಬೆಣ್ಣೆ ದೋಸೆ ಕೊಡಿಸಲ್ಲ. ಅದೇ ಒಳ್ಳೇದು.

ಗಿರ್ಮಿಟ್_ಸಂಜೆ

ಎರಡು ದಿನ ಇಲ್ಲಿ ಬರೋಕೆ ಆಗಲಿಲ್ಲ, ಕ್ಷಮಿಸಿ.

ಕರಿಕೋಟು ಅಕ್ಕ (ಅಣ್ಣನೋ ಗೊತ್ತಿಲ್ಲ), ನೀವು ಹೇಳಿದ್ದನ್ನು ಓದಿ ನಮ್ಮ ವಿಭಾಗದ ನೋಟಿಸ್ ಬೋರ್ಡ್ ನೋಡೋಕೆ ಹೋದೆ. ನಾನೀಗ ಧಾರವಾಡದಲ್ಲಿ ಎಂಎಸ್ಸಿ. ಸಮಿತಿಯ ಹಾಳೆ ಇದೆ, ಗಾಜಿನ ಒಳಗೆ, ಬಿಸಿಲಿಗೆ ಹಳದಿಯಾಗಿದೆ. ಅಧ್ಯಕ್ಷರ ಹೆಸರು ಇದೆ, ಅವರು ನಿವೃತ್ತರಾದರಂತೆ. ಫೋನ್ ನಂಬರಿನಲ್ಲಿ ಒಂಬತ್ತೇ ಅಂಕಿ. ವಿದ್ಯಾರ್ಥಿ ಸದಸ್ಯರು ಅನ್ನೋ ಸಾಲೇ ಇಲ್ಲ.

ರೂಮಿಗೆ ಬಂದು ಒಂದು ಅರ್ಜಿ ಬರೆದೆ. ಹೊಸ ಸಮಿತಿ ಮಾಡಿ, ಮೂವರು ವಿದ್ಯಾರ್ಥಿಗಳನ್ನು ನಾವೇ ಆರಿಸೋಕೆ ದಿನ ಗೊತ್ತು ಮಾಡಿ, ಹಾಳೆ ಬದಲಿಸಿ, ಇಷ್ಟೇ. ಅರ್ಧ ಪುಟ. ಕ್ಲಾಸಿನಲ್ಲಿ ಜೋರಾಗಿ ಓದಿದೆ, ಪ್ರತಿಯೊಬ್ಬರ ಕೈಗೂ ಕೊಟ್ಟು ಓದಿ ಆಮೇಲೆ ಸಹಿ ಮಾಡಿ ಅಂದೆ. ಒಬ್ಬ, "ಎಷ್ಟ್ ಸಲ ಓದಸ್ತೀಯವಾ" ಅಂತ ರೇಗಿದ. ಹನ್ನೊಂದು ಸಹಿ ಆಗಿದೆ. ಚುನಾವಣೆ ಅಂದ ತಕ್ಷಣ ಮೂವರು ಪೆನ್ ಕೆಳಗಿಟ್ಟರು, ಮನೆಗೆ ಗೊತ್ತಾದರೆ ಕಷ್ಟ ಅಂತ. ಒತ್ತಾಯ ಮಾಡಲಿಲ್ಲ.

ನನ್ನ ಹಳೇ ಲ್ಯಾಬ್ ಪಾರ್ಟ್‌ನರ್‌ಗೆ ಅದರ ಫೋಟೋ ಕಳಿಸಿದೆ. ಅವಳು ಈಗ ಬಿ.ಎಡ್ ಮಾಡುತ್ತಿದ್ದಾಳೆ, ಆರು ತಿಂಗಳಿಂದ ಮಾತಿಲ್ಲ. ರಾತ್ರಿ ಉತ್ತರ ಬಂತು. ಎರಡನೇ ಸಾಲಿನಲ್ಲಿ 'ಸಮಿತಿ'ಗೆ ದೀರ್ಘ ಹಾಕಿದ್ದೀಯ, ತಿದ್ದು, ಅಂತ.

ಕರಿಕೋಟು_ಇನ್ನೂಹೊಲಿಸಿಲ್ಲ

ಅಕ್ಕ. ದಿನಾಂಕ ಹಾಕಿ. ಎರಡು ಪ್ರತಿ ತಗೊಂಡು ಹೋಗಿ, ಒಂದರ ಮೇಲೆ ಆಫೀಸಿನ ಸೀಲು, ಸಹಿ ಹಾಕಿಸಿಕೊಂಡು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಸೀಲು ಹಾಕಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡಿ.

ಗಿರ್ಮಿಟ್_ಸಂಜೆ

ದೀರ್ಘ ತಿದ್ದಿದೆ. ಎರಡು ಝೆರಾಕ್ಸ್ ಮಾಡಿಸಿದೆ. ನಾಳೆ ಹನ್ನೊಂದಕ್ಕೆ ಹೋಗುತ್ತೇವೆ, ಏಳು ಜನ.